‘ಅವನು ಮೊದಲಿಂದಲೂ ಹಂಗೇ’



ಸಕಲೇಶಪುರ, ಆಲೂರು ಅಂದ ತಕ್ಷಣ ನಮ್ಮ ಸ್ಟುಡಿಯೋಗೆ ಬರೋದು ಮೂರೇ ಮೂರು ಸುದ್ದಿ. ಒಂದು ಕಾಡಾನೆ. ಇನ್ನೊಂದು ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿತ. ಮತ್ತೊಂದು ಕಾಫಿ ರೇಟು. ಈ ಮೂರೂ ಇಲ್ಲದ ದಿನ ಆ ಎರಡು ತಾಲೂಕು ಭೂಪಟದಲ್ಲೇ ಇಲ್ಲವೇನೋ ಅನ್ನೋ ಹಾಗೆ ನಾವು, ಅಂದ್ರೆ ಟಿವಿಯವರು, ನಡ್ಕೋತೀವಿ. ಇವತ್ತು ನಾನು ನಾಲ್ಕನೇ ವಿಷಯ ಮಾತಾಡ್ತೀನಿ. ಇದಕ್ಕೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡಲ್ಲ. ಯಾಕಂದ್ರೆ ಇದು ಒಂದು ದಿನದಲ್ಲಿ ಆಗೋ ಘಟನೆ ಅಲ್ಲ. ಒಂದು ಮನೆಯೊಳಗೆ, ಬಾಗಿಲು ಹಾಕ್ಕೊಂಡು, ವರ್ಷಗಟ್ಟಲೆ ಸದ್ದಿಲ್ಲದೆ ನಡೆಯೋ ವಿಷಯ.

ಒಂದು ಮನೆ ಊಹಿಸ್ಕೊಳ್ಳಿ. ಹೆಸರು ಬೇಡ. ಹೆತ್ತೂರು ಕಡೆ ಅನ್ನಿ, ಹಾನುಬಾಳು ಕಡೆ ಅನ್ನಿ, ಆಲೂರಿನ ಪಾಳ್ಯದ ಕಡೆ ಅನ್ನಿ, ವ್ಯತ್ಯಾಸ ಇಲ್ಲ. ಮೂರ್ನಾಲ್ಕು ಎಕರೆ ಕಾಫಿ, ಒಂದಿಷ್ಟು ಗದ್ದೆ, ಎರಡು ಹಸು. ಆ ಮನೆಯಲ್ಲಿ ಒಬ್ಬ ಮಗ. ವಯಸ್ಸು 48. ಹುಟ್ಟಿದಾಗಲೇ ಡೌನ್ ಸಿಂಡ್ರೋಮ್. ‘ಈ ಮಗು ಹೆಚ್ಚು ದಿನ ಬದುಕಲ್ಲ’ ಅಂತ ಅವತ್ತೇ ಯಾರೋ ಹೇಳಿದ್ರು. ಬದುಕಿದ. ಶಾಲೆಗೆ ಹೋಗಲಿಲ್ಲ, ಆದ್ರೆ ಕೆಲಸ ಕಲಿತ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆಯೋದು ಅವನೇ. ಕಾಫಿ ಕೊಯ್ಲಿನಲ್ಲಿ ಕಣದ ಮೇಲೆ ಹಣ್ಣು ಹರಡೋದು ಅವನೇ. ಮನೆಗೆ ಯಾರೇ ಬಂದ್ರೂ ಒಂದು ಲೋಟ ಕಾಫಿ ತಂದು ಕೈಗಿಟ್ಟು ನಗೋದು ಅವನೇ.

ಈಗ ಒಂದು ವರ್ಷದಿಂದ ಏನೋ ಬದಲಾಗಿದೆ. ಅಂಗಿ ಉಲ್ಟಾ ಹಾಕ್ಕೋತಾನೆ. ಕೊಟ್ಟಿಗೆ ಮುಂದೆ ನಿಂತು ಏನು ಮಾಡ್ಬೇಕು ಅಂತ ಗೊತ್ತಾಗದೆ ಸುಮ್ಮನೆ ನೋಡ್ತಾನೆ. ಮೂವತ್ತು ವರ್ಷ ಹತ್ತಿ ಇಳಿದ ಮೆಟ್ಟಿಲ ಮೇಲೆ ಕಾಲಿಡೋಕೆ ಹೆದರ್ತಾನೆ. ನಗ್ತಾ ಇದ್ದವನು ಸಿಡುಕ್ತಾನೆ. ರಾತ್ರಿ ಎದ್ದು ಓಡಾಡ್ತಾನೆ.

ಮನೆಯವರು ಏನಂತಾರೆ? ‘ಅಯ್ಯೋ, ಅವನು ಮೊದಲಿಂದಲೂ ಹಂಗೇ ಅಲ್ವಾ?’ ಪಕ್ಕದ ಮನೆಯವರೂ ಹಂಗೇ ಅಂತಾರೆ. ಕೊನೆಗೆ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಎಷ್ಟೋ ಸಲ ಅಲ್ಲೂ ಇದೇ ಉತ್ತರ: ‘ಇಂಥವರು ಹೀಗೇ ಇರ್ತಾರೆ.’

ವೀಕ್ಷಕರೇ, ಈ ಒಂದು ಮಾತಿದೆಯಲ್ಲ, ‘ಮೊದಲಿಂದಲೂ ಹಂಗೇ’ ಅನ್ನೋದು, ನನ್ನ ಪ್ರಕಾರ ಇವತ್ತಿನ ಅಪರಾಧಿ ಈ ಮಾತೇ. ಅವನು ಮೊದಲಿಂದಲೂ ಹಂಗಿರಲಿಲ್ಲ. ಮೊದಲು ಅವನು ಅಂಗಿ ಸರಿಯಾಗಿ ಹಾಕ್ಕೋತಿದ್ದ. ಕೊಟ್ಟಿಗೆ ಬಾಗಿಲು ತೆಗೀತಿದ್ದ. ಬಂದಿರೋದು ಹೊಸ ಕಾಯಿಲೆ. ಅದರ ಹೆಸರು ಡಿಮೆನ್ಷಿಯಾ. ನಮ್ಮ ಮಾತಲ್ಲಿ ಮರೆವಿನ ಕಾಯಿಲೆ.

‘ಅರವತ್ತಕ್ಕೆ ಅರಳು ಮರಳು’ ಅಂತ ಗಾದೆ ಇದೆ. ಡೌನ್ ಸಿಂಡ್ರೋಮ್ ಇರೋವ್ರ ವಿಷಯದಲ್ಲಿ ಈ ಗಾದೆ ಹತ್ತು ವರ್ಷ ತಡ. ಅವರಿಗೆ ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸ್ಕೊಳ್ಳೋದು ಐವತ್ತರ ಆಸುಪಾಸಿನಲ್ಲಿ. ಕೆಲವರಿಗೆ ನಲವತ್ತು ದಾಟ್ತಿದ್ದ ಹಾಗೇ.

ಯಾಕೆ ಹೀಗೆ? ಸ್ವಲ್ಪ ವಿಜ್ಞಾನ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. 1866ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಜಾನ್ ಲ್ಯಾಂಗ್ಡನ್ ಡೌನ್ ಈ ಲಕ್ಷಣಗಳನ್ನ ಬರೆದಿಟ್ರು. 1906ರಲ್ಲಿ ಜರ್ಮನಿಯ ಅಲೋಯ್ಸ್ ಆಲ್‌ಝೈಮರ್ ಮರೆವಿನ ಕಾಯಿಲೆಯಿಂದ ಸತ್ತ ಒಬ್ಬ ಮಹಿಳೆಯ ಮೆದುಳಲ್ಲಿ ಕಂಡ ಬದಲಾವಣೆ ಬಗ್ಗೆ ಭಾಷಣ ಮಾಡಿದ್ರು. ಎರಡೂ ಬೇರೆ ಬೇರೆ ವಿಷಯ ಅಂತಲೇ ಜಗತ್ತು ಅಂದ್ಕೊಂಡಿತ್ತು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತವರ ಜೊತೆಗಾರರು, ಡೌನ್ ಸಿಂಡ್ರೋಮ್ ಇರೋವ್ರಲ್ಲಿ 21ನೇ ಕ್ರೋಮೋಸೋಮು ಎರಡರ ಬದಲು ಮೂರಿದೆ ಅಂತ ತೋರಿಸಿದ್ರು. 1980ರ ದಶಕದಲ್ಲಿ ಎರಡೂ ಕಥೆ ಒಂದೇ ಕಡೆ ಬಂದು ನಿಂತ್ವು. ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಲ್ಲಿ ಗಂಟು ಗಂಟಾಗಿ ಕೂರೋ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಇದೆಯಲ್ಲ, ಅದನ್ನ ತಯಾರು ಮಾಡೋ ಜೀನ್ ಇರೋದು ಅದೇ 21ನೇ ಕ್ರೋಮೋಸೋಮಿನಲ್ಲಿ!

ಲೆಕ್ಕ ಸರಳ. ಎಲ್ಲರಿಗೂ ಎರಡು ಇರೋ ಕಡೆ ಇವರಿಗೆ ಮೂರು. ಹುಟ್ಟಿನಿಂದಲೇ ಆ ಪ್ರೋಟೀನ್ ಹೆಚ್ಚು. ನಲವತ್ತು ವರ್ಷಕ್ಕೆ ಹೆಚ್ಚು ಕಡಿಮೆ ಎಲ್ಲರ ಮೆದುಳಲ್ಲೂ ಆ ಬದಲಾವಣೆ ಬಂದಿರುತ್ತೆ. ಸಾಕಷ್ಟು ವರ್ಷ ಬದುಕಿದ್ರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಡಿಮೆನ್ಷಿಯಾ ಬರುತ್ತೆ ಅನ್ನೋದು ಇವತ್ತಿನ ತಿಳಿವಳಿಕೆ. ಇಡೀ ಜಗತ್ತಿಗೆ ಆಲ್‌ಝೈಮರ್ ಬಗ್ಗೆ ದೊಡ್ಡ ಸುಳಿವು ಕೊಟ್ಟವರೇ ಇವರು. ಆದ್ರೆ ಹೊಸ ಔಷಧಿಗಳ ದೊಡ್ಡ ಪ್ರಯೋಗ ನಡೆದಾಗ ಇವರನ್ನೇ ಹೊರಗಿಟ್ರು. ಸುಳಿವು ಇವರದ್ದು, ಔಷಧಿ ಬೇರೆಯವರಿಗೆ. ಇದಕ್ಕೆ ಏನಂತ ಹೇಳೋಣ?

ಡೌನ್ ಸಿಂಡ್ರೋಮ್ ಅಲ್ಲದೆ ಬೇರೆ ಕಾರಣಕ್ಕೆ ಬೌದ್ಧಿಕ ಬೆಳವಣಿಗೆ ಕುಂಠಿತ ಆದವರೂ ಇದ್ದಾರೆ. ಅವರಿಗೂ ಉಳಿದ ಜನರಿಗಿಂತ ಡಿಮೆನ್ಷಿಯಾ ಅಪಾಯ ಹೆಚ್ಚು, ಬೇಗ ಕೂಡ.

ಇಲ್ಲೊಂದು ಪ್ರಶ್ನೆ ಬರುತ್ತೆ. ಹಿಂದೆ ಯಾಕೆ ಇದು ಕಾಣ್ತಿರಲಿಲ್ಲ? ಉತ್ತರ ಕಹಿ. ಹಿಂದೆ ಇವರು ಅಷ್ಟು ವರ್ಷ ಬದುಕ್ತಿರಲಿಲ್ಲ. ಮುಂದುವರಿದ ದೇಶಗಳಲ್ಲೇ 1980ರ ದಶಕದ ಆರಂಭದಲ್ಲಿ ಡೌನ್ ಸಿಂಡ್ರೋಮ್ ಇರೋವ್ರ ಸರಾಸರಿ ಆಯಸ್ಸು 25ರ ಹತ್ತಿರ ಇತ್ತು. ಈಗ ಅಲ್ಲಿ ಅರವತ್ತರ ಹತ್ತಿರ. ಹೃದಯದ ಆಪರೇಷನ್ ಬಂತು, ಆಂಟಿಬಯಾಟಿಕ್ ಬಂತು. ಆಯಸ್ಸು ಕೊಟ್ವಿ. ಆ ಆಯಸ್ಸಿನ ಕೊನೆಯ ಹತ್ತು ವರ್ಷಕ್ಕೆ ಏನು ವ್ಯವಸ್ಥೆ ಅಂತ ಮಾತ್ರ ಯೋಚನೆ ಮಾಡ್ಲಿಲ್ಲ.

ಇನ್ನೊಂದು ಕಾರಣ ನಮ್ಮ ಬಾಯಲ್ಲೇ ಇದೆ. ಐವತ್ತು ವರ್ಷದವರನ್ನೂ ನಾವು ‘ಮಗು’ ಅಂತೀವಿ. ‘ಪಾಪ, ದೇವರಂಥ ಮಗು.’ ಪ್ರೀತಿಯಿಂದಲೇ ಅಂತೀವಿ, ತಪ್ಪಲ್ಲ. ಆದ್ರೆ ಮಗು ಅಂದ್ಮೇಲೆ ಅದಕ್ಕೆ ವಯಸ್ಸಾಗಲ್ಲ ಅಂತ ನಮ್ಮ ಮನಸ್ಸು ನಂಬ್ಬಿಡುತ್ತೆ. ವಯಸ್ಸಾಗಲ್ಲ ಅಂದ್ಮೇಲೆ ವಯಸ್ಸಾದವರ ಕಾಯಿಲೆ ಎಲ್ಲಿಂದ ಬರ್ಬೇಕು? ಹಾಗಾಗಿ ನೋಡೋದೇ ಇಲ್ಲ.

ಸರಿ, ನೋಡೋದು ಹೇಗೆ? ಸಾಮಾನ್ಯವಾಗಿ ಡಿಮೆನ್ಷಿಯಾ ಪರೀಕ್ಷೆ ಅಂದ್ರೆ ಡಾಕ್ಟರ್ ಪ್ರಶ್ನೆ ಕೇಳ್ತಾರೆ. ಇವತ್ತು ತಾರೀಕು ಎಷ್ಟು, ನೂರರಿಂದ ಏಳು ಏಳು ಕಳೀತಾ ಹೋಗಿ, ಹೀಗೆ. ಶಾಲೆ ಮೆಟ್ಟಿಲೇ ಹತ್ತದವನಿಗೆ ಈ ಪ್ರಶ್ನೆ ಕೇಳಿದ್ರೆ ಇಪ್ಪತ್ತು ವರ್ಷದಲ್ಲೂ ಫೇಲ್, ಐವತ್ತರಲ್ಲೂ ಫೇಲ್. ಏನು ಗೊತ್ತಾಯ್ತು? ಏನೂ ಇಲ್ಲ. ಇವರನ್ನ ಬೇರೆಯವರ ಜೊತೆ ಹೋಲಿಸೋ ಹಾಗಿಲ್ಲ. ಅವನನ್ನ ಅವನ ಜೊತೆಗೇ ಹೋಲಿಸ್ಬೇಕು. ಐದು ವರ್ಷದ ಹಿಂದೆ ಇದ್ದ ಅವನು, ಇವತ್ತಿನ ಅವನು. ಇದಕ್ಕಾಗಿಯೇ ಮನೆಯವರು, ನೋಡ್ಕೊಳ್ಳೋರು ತುಂಬೋ ಪ್ರಶ್ನಾವಳಿಗಳನ್ನ ತಜ್ಞರು ತಯಾರು ಮಾಡಿದ್ದಾರೆ. ಡೌನ್ ಸಿಂಡ್ರೋಮ್ ಇದ್ರೆ ನಲವತ್ತಕ್ಕೆ ಶುರು ಮಾಡಿ ಪ್ರತಿ ವರ್ಷ ನೋಡಿ ಅಂತಾರೆ.

ಅದಕ್ಕೆ ಕಾಯೋದೇ ಬೇಡ. ನಿಮ್ಮ ಕೈಯಲ್ಲಿ ಮೊಬೈಲ್ ಇದೆಯಲ್ಲ? ಇವತ್ತೇ ವಿಡಿಯೋ ಮಾಡಿ. ಅವನು ಅಂಗಿ ಗುಂಡಿ ಹಾಕ್ಕೊಳ್ಳೋದು, ರೊಟ್ಟಿ ಮುರಿದು ತಿನ್ನೋದು, ಅಂಗಳದಲ್ಲಿ ನಡೆಯೋದು, ಮನೆಯವರ ಹೆಸರು ಹೇಳೋದು. ಐದು ನಿಮಿಷ ಸಾಕು. ಪ್ರತಿ ವರ್ಷ ಹಬ್ಬದ ದಿನ ಒಂದು ವಿಡಿಯೋ. ನಾಳೆ ಡಾಕ್ಟರ್ ‘ಮೊದಲು ಹೇಗಿದ್ರು?’ ಅಂತ ಕೇಳಿದಾಗ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಇನ್ನೊಂದು ಎಚ್ಚರಿಕೆ. ಬದಲಾವಣೆ ಕಂಡ ತಕ್ಷಣ ಎಲ್ಲವೂ ಡಿಮೆನ್ಷಿಯಾ ಅಂತ ತೀರ್ಮಾನ ಮಾಡೋದೂ ತಪ್ಪು. ಡೌನ್ ಸಿಂಡ್ರೋಮ್ ಇರೋವ್ರಲ್ಲಿ ಥೈರಾಯ್ಡ್ ತೊಂದರೆ ತುಂಬಾ ಸಾಮಾನ್ಯ. ಥೈರಾಯ್ಡ್ ಕಡಿಮೆ ಆದ್ರೂ ಮಂಕಾಗ್ತಾರೆ. ಕಿವಿ ಕೇಳಿಸದಿದ್ರೆ ಮಾತಿಗೆ ಉತ್ತರ ಕೊಡಲ್ಲ. ಕಣ್ಣಿಗೆ ಪೊರೆ ಬಂದ್ರೆ ಮೆಟ್ಟಿಲಿಗೆ ಹೆದರ್ತಾರೆ. ಬಿ12 ಕಡಿಮೆ, ಹಲ್ಲು ನೋವು, ಮಲಬದ್ಧತೆ, ನಿದ್ದೆಯಲ್ಲಿ ಉಸಿರು ಕಟ್ಟೋದು, ಫಿಟ್ಸ್ ಮಾತ್ರೆಯ ಅಡ್ಡ ಪರಿಣಾಮ, ಎಷ್ಟೊಂದಿದೆ! ತಾಯಿ ಸತ್ತ ದುಃಖಕ್ಕೂ ಮನುಷ್ಯ ಮಾತು ಬಿಡ್ತಾನೆ ಸ್ವಾಮಿ. ಇವೆಲ್ಲ ವಾಸಿ ಆಗೋ ಅಥವಾ ಸುಧಾರಿಸೋ ವಿಷಯ. ಅದಕ್ಕೇ ಮೊದಲು ರಕ್ತ ಪರೀಕ್ಷೆ, ಕಣ್ಣು, ಕಿವಿ, ಹಲ್ಲು. ‘ಮೊದಲಿಂದಲೂ ಹಂಗೇ’ ಅಂತ ಮನೆಯಲ್ಲಿ ಕೂರಿಸಿದ್ರೆ ಒಂದು ಮಾತ್ರೆಯಲ್ಲಿ ಸರಿ ಹೋಗೋದನ್ನೂ ಕಳ್ಕೋತೀವಿ.

ಇನ್ನು ಹೊಸದಾಗಿ ಫಿಟ್ಸ್ ಬಂದ್ರೆ? ಚಿಕ್ಕಂದಿನಿಂದ ಇಲ್ಲದ ಫಿಟ್ಸ್ ನಲವತ್ತೈದು, ಐವತ್ತರಲ್ಲಿ ಶುರು ಆದ್ರೆ, ಡೌನ್ ಸಿಂಡ್ರೋಮ್ ಇರೋವ್ರಲ್ಲಿ ಅದು ಡಿಮೆನ್ಷಿಯಾದ ಗುರುತಾಗಿರೋ ಸಾಧ್ಯತೆ ಹೆಚ್ಚು. ತಡ ಮಾಡ್ಬೇಡಿ.

ಡಿಮೆನ್ಷಿಯಾ ಅಂತಲೇ ಖಚಿತ ಆಯ್ತು ಅಂದ್ಕೊಳ್ಳಿ. ಔಷಧಿ ಇದೆಯಾ? ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ. ವಾಸಿ ಮಾಡೋ ಔಷಧಿ ಇಲ್ಲ. ಮೆಮಾಂಟಿನ್ ಅನ್ನೋ ಮಾತ್ರೆಯನ್ನ ನಲವತ್ತು ದಾಟಿದ ಡೌನ್ ಸಿಂಡ್ರೋಮ್ ಇರೋವ್ರಿಗೆ ಕೊಟ್ಟು ನೋಡಿದ್ರು. ಪ್ರಯೋಜನ ಕಾಣಲಿಲ್ಲ ಅಂತ 2012ರಲ್ಲಿ ಫಲಿತಾಂಶ ಬಂತು. ಹಾಗಾದ್ರೆ ಕೈ ಕಟ್ಟಿ ಕೂರೋದಾ? ಇಲ್ಲ. ಇಲ್ಲಿ ಔಷಧಿ ಅಂದ್ರೆ ಮನೆ. ಮನೆಯವರು ನಡ್ಕೊಳ್ಳೋ ರೀತಿ.

ಹೇಳ್ತೀನಿ ಕೇಳಿ. ‘ಮರೆತು ಹೋಯ್ತಾ? ನಿನ್ನೆ ತಾನೇ ಹೇಳಿದ್ನಲ್ಲ?’ ಅಂತ ಕೇಳ್ಬೇಡಿ. ಅವನಿಗೆ ಉತ್ತರ ಗೊತ್ತಿಲ್ಲ, ಅವಮಾನ ಮಾತ್ರ ಗೊತ್ತಾಗುತ್ತೆ. ಒಂದು ಸಲಕ್ಕೆ ಒಂದೇ ಮಾತು. ‘ಎದ್ದು ಮುಖ ತೊಳ್ಕೊಂಡು ಅಂಗಿ ಹಾಕ್ಕೊಂಡು ಬಾ’ ಅಂದ್ರೆ ಅದು ಮೂರು ಕೆಲಸ. ‘ಏಳಪ್ಪ’ ಅನ್ನಿ. ಎದ್ದ ಮೇಲೆ ಮುಂದಿನದು. ಮಾತು ಅರ್ಥ ಆಗದಿದ್ರೆ ಮಾಡಿ ತೋರ್ಸಿ. ಅದೇ ಲೋಟ, ಅದೇ ಚಾಪೆ, ಅದೇ ಜಾಗ. ಬಚ್ಚಲು ಬಾಗಿಲಿಗೆ ಎದ್ದು ಕಾಣೋ ಬಣ್ಣ ಹೊಡೀರಿ. ರಾತ್ರಿ ಒಂದು ಸಣ್ಣ ದೀಪ ಉರೀಲಿ. ಬಾಗಿಲಲ್ಲಿ ಕಪ್ಪು ಮ್ಯಾಟ್ ಹಾಕಿದ್ರೆ ತೆಗೀರಿ, ಅವನ ಕಣ್ಣಿಗೆ ಅದು ಗುಂಡಿ ಥರ ಕಾಣಬಹುದು.

ಕೆಲಸ ಪೂರ್ತಿ ಕಿತ್ಕೋಬೇಡಿ. ಕಣದಲ್ಲಿ ಹಣ್ಣು ಹರಡೋಕೆ ಆಗಲ್ವಾ? ಪಕ್ಕದಲ್ಲಿ ಕೂತು ಮೆಣಸಿನ ಗೊಂಚಲಿಂದ ಕಾಳು ಬಿಡಿಸಲಿ. ಸರಿಯಾಗಿ ಆಗದಿದ್ರೂ ಪರವಾಗಿಲ್ಲ. ನಾಲ್ಕು ಜನರ ನಡುವೆ ಅವನಿಗೂ ಒಂದು ಕೆಲಸ ಇರ್ಲಿ.

‘ಅಮ್ಮ ಎಲ್ಲಿ?’ ಅಂತ ದಿನಕ್ಕೆ ಹತ್ತು ಸಲ ಕೇಳ್ತಾನೆ. ಅಮ್ಮ ತೀರ್ಕೊಂಡು ಮೂರು ವರ್ಷ ಆಗಿದೆ. ‘ಸತ್ತು ಹೋದ್ಲಲ್ಲೋ’ ಅಂತ ಹತ್ತು ಸಲ ಹೇಳಿದ್ರೆ ಅವನಿಗೆ ಹತ್ತು ಸಲವೂ ಅದು ಹೊಸ ಸಾವು. ಹತ್ತು ಸಲ ಅಳ್ತಾನೆ. ‘ಅಮ್ಮ ನೆನಪಾದ್ಲಾ? ಅಮ್ಮ ಮಾಡ್ತಿದ್ದ ಕಡುಬು ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ?’ ಅನ್ನಿ. ಅವನು ಕೇಳ್ತಿರೋದು ಮರಣದ ಸುದ್ದಿಯನ್ನಲ್ಲ, ಅಮ್ಮನ್ನ.

ಊಟದ ವಿಷಯ ಬಹಳ ಮುಖ್ಯ. ಕಾಯಿಲೆ ಹೆಚ್ಚಾದ ಹಾಗೆ ನುಂಗೋದು ಕಷ್ಟ ಆಗುತ್ತೆ. ಅನ್ನ ಅನ್ನನಾಳಕ್ಕೆ ಹೋಗೋ ಬದಲು ಶ್ವಾಸನಾಳಕ್ಕೆ ಹೋಗುತ್ತೆ, ನ್ಯುಮೋನಿಯಾ ಆಗುತ್ತೆ. ಕೊನೆಯ ಹಂತದಲ್ಲಿ ಜೀವ ತೆಗೆಯೋದು ಹೆಚ್ಚಾಗಿ ಇದೇ. ನಮ್ಮ ಹಾಸನದ ಕಡೆ ಮುದ್ದೆ ಅಗಿಯೋದಿಲ್ಲ, ನುಂಗ್ತಾರೆ. ನುಂಗೋ ಶಕ್ತಿ ಕುಗ್ಗಿದವನಿಗೆ ಮುದ್ದೆ ತುತ್ತು, ಒಣ ಅಕ್ಕಿ ರೊಟ್ಟಿ, ಎರಡೂ ಗಂಟಲಿಗೆ ಸಿಕ್ಕಿಬಿಡಬಹುದು. ಊಟ ಮಾಡುವಾಗ ಕೆಮ್ಮು ಬರ್ತಿದೆಯಾ, ಊಟ ಆದ್ಮೇಲೆ ಧ್ವನಿ ಗೊರಗೊರ ಅಂತಿದೆಯಾ ಗಮನಿಸಿ. ನೇರವಾಗಿ ಕೂರಿಸಿ, ಮಲಗಿಸಿ ತಿನ್ನಿಸ್ಬೇಡಿ. ಮೆತ್ತಗೆ, ಸಣ್ಣ ತುತ್ತು, ನಿಧಾನ. ನುಂಗೋ ತೊಂದರೆ ನೋಡೋ ತಜ್ಞರು ಇದ್ದಾರೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ನಿಮಗೆ ದೂರದ್ದೇನಲ್ಲ.

ಈಗ ಆ ಊರಿಗೇ ಸಂಬಂಧಪಟ್ಟ ಮಾತಿಗೆ ಬರ್ತೀನಿ. ಡಿಮೆನ್ಷಿಯಾ ಬಂದವರು ಮನೆ ಬಿಟ್ಟು ನಡೆದು ಹೋಗ್ತಾರೆ. ಬೆಂಗಳೂರಲ್ಲಿ ಕಳೆದು ಹೋದ್ರೆ ಸಿಸಿಟಿವಿ ಹುಡುಕ್ತಾರೆ. ಸಕಲೇಶಪುರ, ಆಲೂರಿನ ತೋಟದಲ್ಲಿ ಬೆಳಗಿನ ಜಾವ ಐದು ಗಂಟೆಗೆ ಬಾಗಿಲು ತೆಗೆದು ಹೊರಟ್ರೆ ಏನು ಗತಿ? ಒಂದು ಕಡೆ ಹಳ್ಳ, ಕೆರೆ. ಮಳೆಗಾಲದಲ್ಲಿ ಹೇಮಾವತಿ ತುಂಬಿ ಹರೀತಿರ್ತಾಳೆ. ಇನ್ನೊಂದು ಕಡೆ ಆನೆ. ಒಳ್ಳೆ ಆರೋಗ್ಯ ಇರೋ ಕೂಲಿ ಕಾರ್ಮಿಕರೇ ತೋಟಕ್ಕೆ ಹೋಗುವಾಗ ಆನೆಗೆ ಸಿಕ್ಕಿ ಜೀವ ಕಳ್ಕೊಂಡಿದ್ದಾರೆ. ಆನೆ ಕಂಡ್ರೆ ಓಡ್ಬೇಕು ಅನ್ನೋದೇ ಮರೆತವನ ಕಥೆ ಏನು?

ನೋಡಿ, ಆನೆಗೆ ರೇಡಿಯೋ ಕಾಲರ್ ಹಾಕಿದ್ದೀವಿ. ಯಾವ ಆನೆ ಯಾವ ಊರ ಹತ್ತಿರ ಇದೆ ಅಂತ ಮೊಬೈಲಿಗೆ ಮೆಸೇಜು ಬರುತ್ತೆ. ತಪ್ಪಲ್ಲ, ಬೇಕು. ಆದ್ರೆ ಆ ಊರಲ್ಲಿ ಇಂಥ ಒಬ್ಬ ಮನುಷ್ಯ ಇದ್ದಾನೆ ಅನ್ನೋ ಪಟ್ಟಿ ಯಾರ ಹತ್ತಿರ ಇದೆ? ಪಂಚಾಯಿತಿ ಹತ್ತಿರ ಇದೆಯಾ? ಅರಣ್ಯ ಇಲಾಖೆ ಹತ್ತಿರ ಇದೆಯಾ? ಆನೆಯ ಲೆಕ್ಕ ಇದೆ, ಅವನ ಲೆಕ್ಕ ಇಲ್ಲ.

ಅದಕ್ಕೇ ಹೇಳೋದು, ಮುಚ್ಚಿಡ್ಬೇಡಿ. ಅಕ್ಕಪಕ್ಕದವರಿಗೆ, ತೋಟದ ರೈಟರ್‌ಗೆ, ಆಶಾ ಕಾರ್ಯಕರ್ತೆಗೆ, ಆನೆ ಕಾಯೋ ಅರಣ್ಯ ಇಲಾಖೆ ಹುಡುಗರಿಗೆ ಹೇಳಿಡಿ: ‘ನಮ್ಮಣ್ಣ ಒಬ್ಬನೇ ಕಂಡ್ರೆ ಕೈ ಹಿಡಿದು ಕೂರಿಸಿ, ಒಂದು ಫೋನ್ ಮಾಡಿ.’ ಕೈಬಳೆಯಲ್ಲೋ ಅಂಗಿ ಒಳಗೋ ಫೋನ್ ನಂಬರ್ ಇರ್ಲಿ. ಬಾಗಿಲಿಗೆ ಒಂದು ಗಂಟೆ ಕಟ್ಟಿ. ಕಟ್ಟೋದು ಬಾಗಿಲಿಗೆ, ಅವನ ಕಾಲಿಗಲ್ಲ. ಮನುಷ್ಯನನ್ನ ಕಟ್ಟಿ ಹಾಕೋದು ಆರೈಕೆ ಅಲ್ಲ.

ಆದ್ರೆ ಒಂದು ನಿಮಿಷ. ಕಟ್ಟಿ ಹಾಕಿದವರನ್ನ ಬೈಯೋಕೆ ಮೊದಲು ಲೈನ್ ಮನೆಯಲ್ಲಿ ಇರೋ ತಾಯಿಯನ್ನ ನೆನಪು ಮಾಡ್ಕೊಳ್ಳಿ. ಬೆಳಿಗ್ಗೆ ತೋಟಕ್ಕೆ ಹೋಗದಿದ್ರೆ ಆ ದಿನದ ಕೂಲಿ ಇಲ್ಲ. ಹೋದ್ರೆ ಮಗನನ್ನ ನೋಡೋರಿಲ್ಲ. ಬೀಗ ಹಾಕದೆ ಆಕೆ ಏನು ಮಾಡ್ಬೇಕು, ನೀವೇ ಹೇಳಿ? ತೋಟದ ಕೂಲಿ ಹೆಂಗಸರ ಎಳೆ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಬೇಕು ಅಂತ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅಂತ ಮಾಡಿದೆ, ಒಳ್ಳೆ ಕೆಲಸ. ಇಂಥವರಿಗೆ ಹಗಲು ಹೊತ್ತು ಇರೋಕೆ ಹೋಬಳಿಗೊಂದು ಮನೆ ಯಾಕಿಲ್ಲ? ಒಂದು ರೂಮು, ಇಬ್ಬರು ತರಬೇತಿ ಪಡೆದ ಹೆಣ್ಣುಮಕ್ಕಳು, ಮಧ್ಯಾಹ್ನದ ಊಟ. ಚಂದ್ರಯಾನದ ಖರ್ಚೇನೂ ಆಗಲ್ಲ.

ವ್ಯವಸ್ಥೆ ಹೇಗಿದೆ ನೋಡಿ. ಕರ್ನಾಟಕದಲ್ಲಿ ಒಂದು ಇಲಾಖೆ ಇದೆ. ಹೆಸರು ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ಎರಡೂ ಒಂದೇ ಬೋರ್ಡಿನಲ್ಲಿದೆ! ಆದ್ರೆ ಎರಡೂ ಒಬ್ಬನಲ್ಲೇ ಇದ್ರೆ? ವಿಕಲಚೇತನರ ಯೋಜನೆ ಅಂದ್ರೆ ಹೆಚ್ಚಾಗಿ ಶಾಲೆ, ತರಬೇತಿ, ಉದ್ಯೋಗ. ಹಿರಿಯರ ಯೋಜನೆ ಶುರು ಆಗೋದೇ ಅರವತ್ತಕ್ಕೆ. ಇವನಿಗೆ ವಯಸ್ಸು ಐವತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯದ ಪಟ್ಟಿ ಇದೆ. ಪಾರ್ಕಿನ್ಸನ್ಸ್ ಹೆಸರಿದೆ. ಡಿಮೆನ್ಷಿಯಾ ಹೆಸರಿಲ್ಲ. 60 ದಾಟಿದವರಲ್ಲೇ ದೇಶದಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ ಅಂದಾಜು. ಆ ಲೆಕ್ಕದಲ್ಲೂ ಐವತ್ತು ವರ್ಷದ ಇವನು ಬರಲ್ಲ.

ಇರೋದನ್ನಾದ್ರೂ ಬಳಸ್ಕೊಳ್ಳಿ. ಯುಡಿಐಡಿ ಕಾರ್ಡ್ ಮಾಡ್ಸಿ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ, ಅವರನ್ನ ಕೇಳಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ‘ನಿರಾಮಯ’ ಅನ್ನೋ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಅದೇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ಹದಿನೆಂಟು ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನ ನೇಮಿಸುತ್ತೆ. ಪಾಲು ಪತ್ರ ಆಗೋ ಮೊದಲು ಇದು ಆಗ್ಬೇಕು. ನಿಮ್ಹಾನ್ಸ್ ನಡೆಸೋ ಟೆಲಿ ಮಾನಸ್ ನಂಬರ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹಾಸನದ ಜಿಲ್ಲಾ ಆಸ್ಪತ್ರೆಗೆ ಸಕಲೇಶಪುರದಿಂದ ಒಂದು ಗಂಟೆ ದಾರಿ. ಹೋಗುವಾಗ ಆ ಮೊಬೈಲ್ ವಿಡಿಯೋ ಮರೀಬೇಡಿ.

ಕೊನೆಯದಾಗಿ, ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಒಂದು ಮಾತು. ಇಂಥ ಮಕ್ಕಳ ಅಪ್ಪ ಅಮ್ಮನನ್ನ ಕೇಳಿ, ಒಂದೇ ಪ್ರಶ್ನೆ ಇರುತ್ತೆ: ‘ನಮ್ಮ ನಂತರ ಯಾರು?’ ಅಮ್ಮ ಹೋದ ಮೇಲೆ ನಾವು ಏನು ಮಾಡ್ತೀವಿ? ಪಾಳಿ ಹಾಕ್ತೀವಿ. ದೊಡ್ಡಣ್ಣನ ಮನೇಲಿ ಎರಡು ತಿಂಗಳು, ಬೆಂಗಳೂರಿನ ತಂಗಿ ಮನೇಲಿ ಎರಡು ತಿಂಗಳು, ಸಣ್ಣಣ್ಣನ ಮನೇಲಿ ಎರಡು ತಿಂಗಳು. ನ್ಯಾಯವಾಗಿ ಹಂಚ್ಕೊಂಡ್ವಿ ಅಂತ ನಮಗೆ ಸಮಾಧಾನ. ಡಿಮೆನ್ಷಿಯಾ ಬಂದವನಿಗೆ ಇದಕ್ಕಿಂತ ಕ್ರೂರ ಇನ್ನೊಂದಿಲ್ಲ. ಬಚ್ಚಲು ಎಲ್ಲಿ ಅಂತ ಕಲಿಯೋಷ್ಟರಲ್ಲಿ ಮನೆ ಬದಲು. ಅವನ ನೆನಪು ಉಳಿದಿರೋದೇ ಆ ಹಳೇ ಮನೆಯ ಗೋಡೆಯಲ್ಲಿ, ಆ ಅಂಗಳದಲ್ಲಿ. ಸಾಧ್ಯ ಇದ್ದಷ್ಟು ದಿನ ಅವನು ಅಲ್ಲೇ ಇರ್ಲಿ. ಪಾಳಿ ಹಾಕೋದಾದ್ರೆ ನೀವು ಪಾಳಿ ಹಾಕ್ಕೊಂಡು ಅಲ್ಲಿಗೆ ಹೋಗಿ. ಹೋಗೋಕೆ ಆಗಲ್ವಾ? ಅಲ್ಲೇ ಇದ್ದು ನೋಡ್ಕೊಳ್ಳೋರಿಗೆ ಖರ್ಚು ಹಂಚ್ಕೊಳ್ಳಿ, ವರ್ಷಕ್ಕೆ ಹದಿನೈದು ದಿನ ಅವರಿಗೆ ರಜೆ ಕೊಡಿ. ನೋಡ್ಕೊಳ್ಳೋದು ಬಹುತೇಕ ಮನೇಲಿ ಒಬ್ಬ ಅತ್ತಿಗೆ, ಒಬ್ಬ ನಾದಿನಿ. ಆಕೆಗೂ ಬೆನ್ನು ನೋಯುತ್ತೆ, ಆಕೆಗೂ ನಿದ್ದೆ ಬೇಕು. ಅದನ್ನ ಕೇಳೋರು ಯಾರು?

ಆಸ್ತಿ ಪಾಲಾಗುವಾಗ ಅವನ ಭಾಗ ಎಷ್ಟು ಗುಂಟೆ ಅಂತ ನಮಗೆ ಚೆನ್ನಾಗಿ ನೆನಪಿರುತ್ತೆ. ಅವನಿಗೆ ಯಾವ ಲೋಟದಲ್ಲಿ ಕಾಫಿ ಕೊಟ್ರೆ ಕುಡೀತಾನೆ ಅನ್ನೋದೂ ನೆನಪಿರ್ಲಿ. ಅವನು ಒಂದೊಂದೇ ಮರೀತಾ ಹೋಗ್ತಾನೆ, ಅದನ್ನ ತಡೆಯೋಕೆ ಇವತ್ತಿಗೆ ಯಾರ ಕೈಲೂ ಆಗಲ್ಲ. ಅವನ ಪರವಾಗಿ ನೆನಪಿಟ್ಕೊಳ್ಳೋದು ಆಗುತ್ತೆ. ಅಷ್ಟು ಮಾಡೋಣ.